ಉರಿ ತಗ್ಗಿಸಬಲ್ಲ ಬಾಯ್ಲರ್‌ಗೆ ಬರೀ ಸ್ವಿಚ್ ಸಾಲದು

ಮಾನ್ಯ ಸಂಪಾದಕರೆ,

ಫೋನಿನಿಂದಲೇ ಮನೆ ಬೆಚ್ಚಗೆ ಮಾಡುವ ಸಾಧನಗಳ ಬಗ್ಗೆ ತಂತ್ರಜ್ಞಾನ ಪುಟಗಳಲ್ಲಿ ಆಗಾಗ ಬರಹಗಳು ಬರುತ್ತವೆ. ಬ್ರಿಟನ್, ಐರ್ಲೆಂಡ್, ನೆದರ್‌ಲ್ಯಾಂಡ್ಸ್‌ನಲ್ಲಿ ನೆಲೆಸಿರುವ ಕನ್ನಡಿಗರು ಅವನ್ನು ಓದಿ, ಚಳಿ ಶುರುವಾಗುವ ಮೊದಲು ಒಂದು ‘ಸ್ಮಾರ್ಟ್’ ಥರ್ಮೋಸ್ಟಾಟ್ (ಕೋಣೆಯ ಬಿಸಿ ನೋಡಿಕೊಳ್ಳುವ ಸಾಧನ) ಕೊಂಡು ಗೋಡೆಗೆ ಹಾಕಿಸುತ್ತಾರೆ. ಗ್ಯಾಸಿನಿಂದ ನೀರು ಕಾಯಿಸಿ ಕೋಣೆಗಳ ರೇಡಿಯೇಟರ್‌ಗಳಿಗೆ (ಗೋಡೆಬದಿಯ ಬಿಸಿನೀರಿನ ಫಲಕಗಳಿಗೆ) ಕಳಿಸುವ ಬಾಯ್ಲರ್ ಜತೆ ಅದು ಹೇಗೆ ಮಾತಾಡುತ್ತದೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ, ಅಂಗಡಿಯವರು ಹೇಳುವುದೂ ಇಲ್ಲ. ಗ್ಯಾಸ್ ಉಳಿಯುವುದೂ ಪೋಲಾಗುವುದೂ ಅಲ್ಲಿಯೇ. ಈ ಕೆಲಸವನ್ನೇ ಮಾಡುವವರಾಗಿ ಅದನ್ನು ಬಿಡಿಸಿ ಹೇಳಲು ಈ ಪತ್ರ. ಉದ್ದವಾದರೂ ಪೂರ್ತಿ ಪ್ರಕಟಿಸಬೇಕೆಂದು ಕೋರುತ್ತೇವೆ.

ಬಚ್ಚಲ ಹಂಡೆಗೆ ಉರಿ ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನೀರು ಕಾಯ್ದ ಮೇಲೆ ಯಾರೂ ಒಲೆಗೆ ನೀರು ಸುರಿದು ಆರಿಸಿ, ತಣ್ಣಗಾದ ಮೇಲೆ ಮತ್ತೆ ಹೊತ್ತಿಸುವುದಿಲ್ಲ. ಕೊಳ್ಳಿಯನ್ನು ಹಿಂದಕ್ಕೆಳೆದು ಉರಿ ತಗ್ಗಿಸುತ್ತಾರೆ. ಈಗಿನ ಗ್ಯಾಸ್ ಬಾಯ್ಲರ್ ಮಾಡುವುದೂ ಇದನ್ನೇ. ಫ್ಯಾನಿನ ವೇಗ ಬದಲಾದಂತೆ ಗ್ಯಾಸ್ ವಾಲ್ವ್ ಅದಕ್ಕೆ ತಕ್ಕಷ್ಟೇ ಗ್ಯಾಸ್ ಬಿಡುತ್ತದೆ. ನಲ್ಲಿಗೆ ಬಿಸಿನೀರು ಕೊಡುವಾಗ 30 ಕಿಲೋವ್ಯಾಟ್‌ನಲ್ಲಿ ಉರಿಯುವ ಬಾಯ್ಲರ್, ಕೋಣೆ ಬೆಚ್ಚಗಿಡುವಾಗ ಮಾದರಿಗೆ ತಕ್ಕಂತೆ 6 ಕಿಲೋವ್ಯಾಟ್‌ಗೋ 3 ಕಿಲೋವ್ಯಾಟ್‌ಗೋ ಇಳಿಯಬಲ್ಲದು. ಇದನ್ನೇ ಮಾಡ್ಯುಲೇಟಿಂಗ್ ಬಾಯ್ಲರ್ ಎನ್ನುವುದು.

ಎರಡನೆಯ ಗುಣ ಇನ್ನೂ ಮುಖ್ಯ. ಗ್ಯಾಸ್ ಉರಿದಾಗ ಹೊಗೆಯಲ್ಲಿ ನೀರಾವಿ ಇರುತ್ತದೆ. ರೇಡಿಯೇಟರ್‌ಗಳಿಂದ ಬಾಯ್ಲರ್‌ಗೆ ವಾಪಸಾಗುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಆ ಆವಿ ಬಾಯ್ಲರ್ ಒಳಗೆ ನೀರಾಗಿ, ತನ್ನಲ್ಲಿದ್ದ ಶಾಖವನ್ನು ಬಿಟ್ಟುಕೊಡುತ್ತದೆ. ವಾಪಸಿನ ನೀರು ತಣ್ಣಗಾದಷ್ಟೂ ಲಾಭ ಹೆಚ್ಚು. 75 ಡಿಗ್ರಿ ನೀರು ಕಳಿಸಿ 60 ಡಿಗ್ರಿ ನೀರು ವಾಪಸ್ ಪಡೆಯುವ ಮನೆಯಲ್ಲಿ ಬಾಯ್ಲರ್ ಮೇಲೆ ‘ಕಂಡೆನ್ಸಿಂಗ್’ (ಆವಿಯನ್ನು ನೀರಾಗಿಸುವಂಥದ್ದು) ಎಂದು ಬರೆದಿದ್ದರೂ ಆ ಗುಣ ಕೆಲಸಕ್ಕೆ ಬರುವುದಿಲ್ಲ. ಆ ಶಾಖ ಆವಿಯ ಜತೆಯಲ್ಲೇ ಹೊಗೆ ಕೊಳವೆಯಿಂದ ಆಚೆ ಹೋಗುತ್ತದೆ.

ಈಗ ಥರ್ಮೋಸ್ಟಾಟಿಗೆ ಬರೋಣ. ಮಾರುಕಟ್ಟೆಯಲ್ಲಿರುವ ಅನೇಕ ಸ್ಮಾರ್ಟ್ ಥರ್ಮೋಸ್ಟಾಟ್‌ಗಳ ಕೊನೆಯಲ್ಲಿ ಇರುವುದು ಒಂದು ರಿಲೇ, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್. ಕೋಣೆ ತಣ್ಣಗಿದ್ದರೆ ‘ಹಚ್ಚು’, ಸಾಕಾದರೆ ‘ಆರಿಸು’. ಅದಕ್ಕೆ ಮೂರನೆಯ ಮಾತು ಗೊತ್ತಿಲ್ಲ. ಇಂಥ ಮನೆಯ ಬಾಯ್ಲರ್ ಮುಂದೆ ಹತ್ತು ನಿಮಿಷ ನಿಂತು ಪರದೆ ನೋಡಿ. ಬೆಂಕಿಯ ಗುರುತು ಬರುತ್ತದೆ, ನೀರಿನ ಬಿಸಿಯ ಅಂಕಿ 38, 47, 58, 69 ಎಂದು ಸರಸರ ಏರುತ್ತದೆ, 75ರ ಹತ್ತಿರ ಬೆಂಕಿಯ ಗುರುತು ಮಾಯವಾಗುತ್ತದೆ, ಪಂಪು ಮಾತ್ರ ಗುಂಯ್ ಎನ್ನುತ್ತಿರುತ್ತದೆ, ಕೆಲ ನಿಮಿಷಕ್ಕೆ ಮತ್ತೆ ಟಿಕ್‌ಟಿಕ್ ಎಂದು ಕಿಡಿ ಹಾರುತ್ತದೆ. ಪ್ರತಿ ಸಲ ಹೊತ್ತುವ ಮೊದಲೂ ಆರಿದ ಮೇಲೂ ಫ್ಯಾನು ಒಳಗಿನ ಬೆಚ್ಚನೆ ಗಾಳಿಯನ್ನು ಹೊರಗೆ ತಳ್ಳುತ್ತದೆ. ಇಗ್ನಿಷನ್ ಕಡ್ಡಿ, ಗ್ಯಾಸ್ ವಾಲ್ವ್, ಫ್ಯಾನು ಎಲ್ಲವೂ ಸವೆಯುತ್ತವೆ. ಫೋನಿನಲ್ಲಿ ಅಂದವಾದ ಗ್ರಾಫ್ ಬಂದ ಮಾತ್ರಕ್ಕೆ ಇದು ನಿಲ್ಲುವುದಿಲ್ಲ.

ಬಾಯ್ಲರ್‌ಗೆ ಬೇಕಾದದ್ದು ‘ಈಗ ಎಷ್ಟು ಬಿಸಿಯ ನೀರು ಕಳಿಸಬೇಕು’ ಎಂಬ ಒಂದೇ ಒಂದು ಅಂಕಿ. ಆ ಅಂಕಿ ಸಿಕ್ಕರೆ ಉರಿ ಎಷ್ಟಿರಬೇಕೆಂದು ಅದೇ ನೋಡಿಕೊಳ್ಳುತ್ತದೆ. ಮನೆಯ ಸಾಧನಗಳನ್ನು ಕಂಪ್ಯೂಟರಿನಿಂದ ತಾನಾಗಿ ನಡೆಸುವ ಹೋಮ್ ಆಟೋಮೇಷನ್ ಮಾಡಬೇಕಾದ ಕೆಲಸವೂ ಅಷ್ಟೇ: ಆ ಅಂಕಿಯನ್ನು ಲೆಕ್ಕ ಹಾಕಿ ತಲುಪಿಸುವುದು.

ತಲುಪಿಸಲು ಒಂದು ಭಾಷೆ ಬೇಕು. ಹೆಚ್ಚು ತಯಾರಕರು ಒಪ್ಪಿಕೊಂಡಿರುವುದು 1996ರಲ್ಲಿ ಶುರುವಾದ ಓಪನ್‌ಥರ್ಮ್. ಎರಡು ಸಣ್ಣ ತಂತಿ, ಅದಲುಬದಲಾದರೂ ತೊಂದರೆಯಿಲ್ಲ. ಥರ್ಮೋಸ್ಟಾಟ್ ವೋಲ್ಟೇಜ್ ಏರಿಳಿಸಿ ಮಾತಾಡುತ್ತದೆ, ಬಾಯ್ಲರ್ ಕರೆಂಟ್ ಏರಿಳಿಸಿ ಉತ್ತರಿಸುತ್ತದೆ, ಸೆಕೆಂಡಿಗೊಮ್ಮೆಯಾದರೂ ಮಾತುಕತೆ ನಡೆಯಲೇಬೇಕು. ಬಾಷ್ ಗುಂಪಿನ ಬಾಯ್ಲರ್‌ಗಳ ಭಾಷೆ ಇಎಂಎಸ್, ವೈಲಂಟ್‌ನದು ಇ-ಬಸ್. ಹಾಗಾಗಿ ಮೊದಲ ಕೆಲಸ ಬಾಯ್ಲರಿನ ಇನ್‌ಸ್ಟಾಲೇಷನ್ ಕೈಪಿಡಿಯಲ್ಲಿ ವೈರಿಂಗ್ ಪುಟ ತೆರೆಯುವುದು. ಮಾರಾಟದ ಕರಪತ್ರ ಇದಕ್ಕೆ ಪ್ರಯೋಜನವಿಲ್ಲ. ಒಂದೇ ಕಂಪನಿಯ ಒಂದು ಮಾದರಿಯಲ್ಲಿ ಓಪನ್‌ಥರ್ಮ್ ಇದ್ದು, ಪಕ್ಕದ ಮಾದರಿಯಲ್ಲಿ ಇಲ್ಲದಿರುವುದು ಸಾಮಾನ್ಯ.

ಮನೆಯ ಕಂಪ್ಯೂಟರಿನಲ್ಲಿ ಹೋಮ್ ಅಸಿಸ್ಟೆಂಟ್ ಎಂಬ ಆಟೋಮೇಷನ್ ತಂತ್ರಾಂಶ ಓಡಿಸುವವರಿಗೆ ಮೂರು ದಾರಿಗಳಿವೆ. ನಾವು ಮೊದಲು ಹೇಳುವುದು ಓಪನ್‌ಥರ್ಮ್ ಗೇಟ್‌ವೇ. ಓಪನ್‌ಥರ್ಮ್ ಬಲ್ಲ ಒಂದು ಸಾಮಾನ್ಯ ಗೋಡೆ ಥರ್ಮೋಸ್ಟಾಟ್ ಮತ್ತು ಬಾಯ್ಲರ್ ನಡುವೆ ಇದು ಕೂರುತ್ತದೆ. ಇಬ್ಬರ ಮಾತನ್ನೂ ಕೇಳಿಸಿಕೊಳ್ಳುತ್ತದೆ, ಬೇಕಾದಾಗ ಒಂದು ಅಂಕಿಯನ್ನು ಬದಲಿಸಿ ದಾಟಿಸುತ್ತದೆ. ಕಂಪ್ಯೂಟರ್ ಕೆಟ್ಟುನಿಂತರೂ ಗೋಡೆಯ ಥರ್ಮೋಸ್ಟಾಟ್ ಎಂದಿನಂತೆ ಮನೆ ಬೆಚ್ಚಗಿಡುತ್ತದೆ. ಎರಡನೆಯದು, ಇಎಸ್‌ಪಿ32 ಎಂಬ ವೈಫೈ ಇರುವ ಪುಟ್ಟ ಬೋರ್ಡಿಗೆ ಒಂದು ಓಪನ್‌ಥರ್ಮ್ ಅಡಾಪ್ಟರ್ ಸೇರಿಸಿ, ಇಎಸ್‌ಪಿ-ಹೋಮ್ ಎಂಬ ತಂತ್ರಾಂಶ ಹಾಕಿ, ಅದನ್ನೇ ಥರ್ಮೋಸ್ಟಾಟ್ ಮಾಡಿಕೊಳ್ಳುವುದು. ಖರ್ಚು ಕಡಿಮೆ, ಆದರೆ ಹಿಂದೆ ಆಸರೆಗೆ ಯಾರೂ ಇಲ್ಲ. ಇಎಸ್‌ಪಿ ಪಿನ್ನಿನ 3.3 ವೋಲ್ಟನ್ನು ನೇರವಾಗಿ ಬಾಯ್ಲರ್ ತಂತಿಗೆ ಕೊಡಲಾಗದು; ಅಡಾಪ್ಟರ್ ಕಡ್ಡಾಯ. ಮೂರನೆಯದು ಇಎಂಎಸ್ ಅಥವಾ ಇ-ಬಸ್ ಬಾಯ್ಲರ್ ಇದ್ದವರಿಗೆ: ಇಎಂಎಸ್-ಇಎಸ್‌ಪಿ, ಇ-ಬಸ್‌ಡಿ ಎಂಬ ಮುಕ್ತ ತಂತ್ರಾಂಶಗಳು ಮತ್ತು ಅವಕ್ಕೆ ತಕ್ಕ ಅಡಾಪ್ಟರ್‌ಗಳು. ಮಾಹಿತಿ ಎಂಕ್ಯೂಟಿಟಿ ಎಂಬ ಸಂದೇಶ ಪದ್ಧತಿಯ ಮೂಲಕ ಹೋಮ್ ಅಸಿಸ್ಟೆಂಟಿಗೆ ಬರುತ್ತದೆ.

ಜೋಡಣೆಯಲ್ಲಿ ಬೋರ್ಡು ಸುಡುವ ತಪ್ಪು ಒಂದೇ ಬಗೆಯದು. ಕೆಲವು ಬಾಯ್ಲರ್‌ಗಳಲ್ಲಿ 230 ವೋಲ್ಟಿನ ರೂಮ್ ಥರ್ಮೋಸ್ಟಾಟ್ ಟರ್ಮಿನಲ್ಲೂ ಓಪನ್‌ಥರ್ಮ್ ಟರ್ಮಿನಲ್ಲೂ ಅಕ್ಕಪಕ್ಕ ಇರುತ್ತವೆ. ಹಳೆಯ ಥರ್ಮೋಸ್ಟಾಟಿನ ತಂತಿಯನ್ನೇ ಬಿಚ್ಚಿ ಓಪನ್‌ಥರ್ಮ್‌ಗೆ ಸಿಕ್ಕಿಸಿದರೆ, ಅದರ ಇನ್ನೊಂದು ತುದಿ ಎಲ್ಲೋ ವೈರಿಂಗ್ ಡಬ್ಬಿಯಲ್ಲಿ 230 ವೋಲ್ಟಿಗೆ ಸೇರಿಕೊಂಡಿದ್ದರೆ, ಬಾಯ್ಲರಿನ ಮುಖ್ಯ ಬೋರ್ಡು ಕ್ಷಣದಲ್ಲಿ ಹೋಗುತ್ತದೆ. ಆದ್ದರಿಂದ ಮೊದಲು 3 ಆಂಪಿಯರ್ ಫ್ಯೂಸಿನ ಸ್ವಿಚ್ಚಿನಲ್ಲಿ ಬಾಯ್ಲರ್ ಆರಿಸಿ, ಮೀಟರ್ ಹಿಡಿದು ತಂತಿ ಸತ್ತಿದೆಯೇ ನೋಡಿ, ಎರಡೂ ತುದಿ ಎಲ್ಲಿವೆ ಎಂದು ಪತ್ತೆ ಮಾಡಿ, ಆಮೇಲೆ ಮುಟ್ಟಬೇಕು. ಹೊಸ ತಂತಿ ಎಳೆಯುವುದೇ ಮೇಲು. ಅದನ್ನು ಕರೆಂಟ್ ಕೇಬಲಿನ ಜತೆ ಒಂದೇ ಪೈಪಿನಲ್ಲಿ ತುರುಕಬಾರದು. ಎರಡನೆಯ ತಪ್ಪು, ಕಾರ್ಖಾನೆಯಲ್ಲಿ ಟರ್ಮಿನಲ್‌ಗಳ ನಡುವೆ ಹಾಕಿದ ಸಣ್ಣ ಲಿಂಕ್ ತಂತಿಯನ್ನು ತೆಗೆಯದಿರುವುದು. ಲಿಂಕ್ ಇದ್ದರೆ ಬಾಯ್ಲರ್ ಅದನ್ನು ‘ಸದಾ ಹಚ್ಚು’ ಎಂದೇ ಓದಿಕೊಳ್ಳುತ್ತದೆ. ಯಾವ ಲಿಂಕ್ ತೆಗೆಯಬೇಕು, ಯಾವುದು ಉಳಿಯಬೇಕು ಎಂಬುದು ಕೈಪಿಡಿಯಲ್ಲಿರುತ್ತದೆ.

ಬ್ರಿಟನ್ನಿನಲ್ಲಿ ಗ್ಯಾಸ್ ಕೆಲಸವನ್ನು ಗ್ಯಾಸ್ ಸೇಫ್ (ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿ ಇರುವವರೇ ಮಾಡಬೇಕು. ಉರಿಯ ಕೋಣೆಯನ್ನು ಮುಚ್ಚಿರುವ ಹೊದಿಕೆ ತೆಗೆಯದೆ ಟರ್ಮಿನಲ್ ಸಿಗದ ಬಾಯ್ಲರ್ ಆದರೆ ಸ್ವಂತ ಪ್ರಯೋಗ ಅಲ್ಲಿಗೇ ನಿಲ್ಲಬೇಕು. ಬಾಡಿಗೆ ಮನೆಯವರು ಮಾಲೀಕರ ಒಪ್ಪಿಗೆಯಿಲ್ಲದೆ ಒಂದು ಸ್ಕ್ರೂ ಕೂಡ ತಿರುಗಿಸಬೇಡಿ.

ತಂತಿ ಸೇರಿತು, ಇನ್ನು ಕಳಿಸುವ ಅಂಕಿಯ ಲೆಕ್ಕ. ಹೊರಗೆ ಮೈನಸ್ 3 ಇದ್ದಾಗ ಒಳಗೆ 20 ಡಿಗ್ರಿ ಕಾಯಲು 6 ಕಿಲೋವ್ಯಾಟ್ ಬೇಕಾಗುವ ಒಂದು ಮನೆ ಇಟ್ಟುಕೊಳ್ಳಿ. ವ್ಯತ್ಯಾಸ 23 ಡಿಗ್ರಿ. ಹೊರಗೆ 7 ಡಿಗ್ರಿ ಇರುವ ಸಾಧಾರಣ ಚಳಿಯ ದಿನ ವ್ಯತ್ಯಾಸ 13, ಹಾಗಾಗಿ ಬೇಕಾದದ್ದು ಸುಮಾರು 3.4 ಕಿಲೋವ್ಯಾಟ್ ಮಾತ್ರ. ರೇಡಿಯೇಟರ್ ಲೇಬಲಿನ ಮೇಲಿನ ಶಕ್ತಿ ನೀರಿನ ಸರಾಸರಿ ಬಿಸಿ ಕೋಣೆಗಿಂತ 50 ಡಿಗ್ರಿ ಹೆಚ್ಚಿದ್ದಾಗಿನದು. ವ್ಯತ್ಯಾಸ 30 ಡಿಗ್ರಿಗೆ ಇಳಿದರೆ ರೇಡಿಯೇಟರ್ ಕೊಡುವುದು ಲೇಬಲಿನ ಅರ್ಧದಷ್ಟು. ಅಂದರೆ ಲೇಬಲ್ ಲೆಕ್ಕದಲ್ಲಿ ಒಟ್ಟು 12 ಕಿಲೋವ್ಯಾಟ್ ರೇಡಿಯೇಟರ್ ಇದ್ದರೆ ಈ ಮನೆಗೆ ಕಡುಚಳಿಯಲ್ಲೂ 55 ಡಿಗ್ರಿ ನೀರು ಸಾಕು. ಇದರಿಂದ ಹುಟ್ಟುವ ಸೂತ್ರ ಸರಳ: 15ರಿಂದ ಹೊರಗಿನ ಉಷ್ಣಾಂಶ ಕಳೆಯಿರಿ, 1.4ರಿಂದ ಗುಣಿಸಿ, 30 ಕೂಡಿಸಿ. ಹೊರಗೆ ಮೈನಸ್ 3 ಆದರೆ 55, ಸೊನ್ನೆ ಆದರೆ 51, 7 ಆದರೆ 41, 10 ಆದರೆ 37.

1.4 ಎಂಬುದು ಈ ಮನೆಯ ಅಂಕಿ. ನಿಮ್ಮ ಮನೆಯದು ಬೇರೆ. ಹುಡುಕುವ ಬಗೆ ಹೀಗೆ. ರೇಡಿಯೇಟರ್ ವಾಲ್ವ್‌ಗಳನ್ನೆಲ್ಲ ಪೂರ್ತಿ ತೆರೆದಿಡಿ. ಚಳಿ ಹೆಚ್ಚಿದ ದಿನಗಳಲ್ಲಿ ಕೋಣೆ 20 ತಲುಪದಿದ್ದರೆ 0.1 ಏರಿಸಿ, ಮೀರಿದರೆ 0.1 ಇಳಿಸಿ. ಪ್ರತಿ ಬದಲಾವಣೆಗೂ ಎರಡು ದಿನ ಕಾಯಿರಿ. ಇಟ್ಟಿಗೆ ಗೋಡೆಯ ಮನೆ ಬೆಚ್ಚಗಾಗುವುದೂ ತಣ್ಣಗಾಗುವುದೂ ನಿಧಾನ, ಗಂಟೆಗೊಮ್ಮೆ ಅಂಕಿ ತಿರುಗಿಸಿದರೆ ಏನೂ ತಿಳಿಯುವುದಿಲ್ಲ. ಬರೀ ಎಳೆಚಳಿಯ ದಿನಗಳಲ್ಲಿ ಮಾತ್ರ ಮನೆ ತಣ್ಣಗಿದ್ದರೆ ಗುಣಕವನ್ನು ಮುಟ್ಟದೆ 30 ಎಂಬುದನ್ನು 32 ಮಾಡಿ. ಇದಾದ ಮೇಲೆ ಕೋಣೆಯ ಉಷ್ಣಾಂಶದಿಂದ ಸಣ್ಣ ತಿದ್ದುಪಡಿ ಸೇರಿಸಬಹುದು: ಕೋಣೆ 1 ಡಿಗ್ರಿ ಕಡಿಮೆಯಿದ್ದರೆ ನೀರಿಗೆ 4 ಡಿಗ್ರಿ ಹೆಚ್ಚು, ಆದರೆ ಯಾವ ಕಡೆಗೂ 5 ಡಿಗ್ರಿ ಮೀರದಂತೆ. ಐದು ಅಥವಾ ಹತ್ತು ನಿಮಿಷಕ್ಕೊಮ್ಮೆ ಲೆಕ್ಕ ಹಾಕಿದರೆ ಧಾರಾಳ. ಹೊರಗಿನ ಸೆನ್ಸರ್ ಬಿಸಿಲು ಬೀಳದ ಉತ್ತರದ ಗೋಡೆಯಲ್ಲಿರಲಿ, ಬಾಯ್ಲರಿನ ಹೊಗೆ ಕೊಳವೆ ಮತ್ತು ಕಿಟಕಿಯಿಂದ ದೂರ.

ಅಂಕಿ ನಿಜವಾಗಿ ತಲುಪಿತೇ? ಗೇಟ್‌ವೇ ದಾಖಲೆಯಲ್ಲೇ ಓದಬಹುದು, ಇದೊಂದನ್ನು ಕಲಿತರೆ ಅರ್ಧ ಗೊಂದಲ ಕಳೆಯುತ್ತದೆ. 41 ಡಿಗ್ರಿ ಬೇಕೆಂದು ಥರ್ಮೋಸ್ಟಾಟ್ ಕೇಳಿದಾಗ ಸಾಲು ‘ಟಿ 90012900’ ಎಂದಿರುತ್ತದೆ. ಟಿ ಎಂದರೆ ಥರ್ಮೋಸ್ಟಾಟಿನ ಮಾತು. 01 ಎಂಬುದು ನೀರಿನ ಬಿಸಿಯ ವಿಷಯದ ಸಂಖ್ಯೆ. 29 ಹದಿನಾರರ ಎಣಿಕೆಯದು, ಅಂದರೆ ಎರಡು ಹದಿನಾರು ಮತ್ತು ಒಂಬತ್ತು, ಒಟ್ಟು 41. ಕೊನೆಯ ಎರಡು ಸೊನ್ನೆ ದಶಮಾಂಶದ ಭಾಗ. ಬಾಯ್ಲರ್ ಒಪ್ಪಿದರೆ ‘ಬಿ 50012900’ ಎಂದು ಉತ್ತರ ಬರುತ್ತದೆ. ನಡುವೆ ಗೇಟ್‌ವೇ ಅಂಕಿ ಬದಲಿಸಿದ್ದರೆ ‘ಆರ್’ ಅಕ್ಷರದ ಒಂದು ಸಾಲು ಕಾಣುತ್ತದೆ. ಬಿ ಸಾಲಿನ ಮೊದಲ ಅಂಕೆ 7 ಅಥವಾ ಎಫ್ ಇದ್ದರೆ ಬಾಯ್ಲರ್‌ಗೆ ಆ ವಿಷಯವೇ ಗೊತ್ತಿಲ್ಲ ಎಂದರ್ಥ. ವಿಷಯ ಸಂಖ್ಯೆ 17 ಉರಿಯ ಪ್ರಮಾಣ ಶೇಕಡಾವಾರು, 18 ನೀರಿನ ಒತ್ತಡ, 25 ಹೊರಡುವ ನೀರಿನ ಬಿಸಿ, 28 ವಾಪಸಾಗುವ ನೀರಿನ ಬಿಸಿ. ಎಲ್ಲ ಬಾಯ್ಲರ್‌ಗಳೂ ಎಲ್ಲವನ್ನೂ ಹೇಳುವುದಿಲ್ಲ. 28 ಸಿಗದಿದ್ದರೆ ವಾಪಸ್ ಪೈಪಿಗೆ ಬಿಸಿ ಅಳೆಯುವ ಒಂದು ಡಿಎಸ್18ಬಿ20 ಸೆನ್ಸರ್ ಕಟ್ಟಿ, ಮೇಲೆ ಪೈಪಿನ ಫೋಮ್ ಸುತ್ತಿದರೆ ಸಾಕು.

ಗೇಟ್‌ವೇಗೆ ಅಂಕಿ ಒಮ್ಮೆ ಕಳಿಸಿ ಸುಮ್ಮನಾಗುವಂತಿಲ್ಲ. ನಿಮಿಷಕ್ಕೊಮ್ಮೆಗಿಂತ ತಡವಾಗದಂತೆ ಅದೇ ಅಂಕಿಯನ್ನು ಮತ್ತೆ ಕಳಿಸುತ್ತಿರಬೇಕು, ಬಿಸಿ ಮಾಡುವ ಅನುಮತಿಯನ್ನೂ ಜತೆಗೇ ಕೊಡುತ್ತಿರಬೇಕು. ಅಂಕಿ ಬರುವುದು ನಿಂತರೆ ಅಧಿಕಾರ ಥರ್ಮೋಸ್ಟಾಟಿಗೆ ವಾಪಸ್ ಹೋಗುತ್ತದೆ. ಇದು ದೋಷವಲ್ಲ, ಕಾಪು. ಕಂಪ್ಯೂಟರ್ ನಡುರಾತ್ರಿ ಸತ್ತರೂ ಮನೆ ಹೆಪ್ಪುಗಟ್ಟಬಾರದು, 60 ಡಿಗ್ರಿಯ ಅಂಕಿ ಹಿಡಿದುಕೊಂಡು ಬೆಳಗಿನವರೆಗೆ ಉರಿಯಲೂ ಬಾರದು. ಇಎಸ್‌ಪಿ32 ಒಂದನ್ನೇ ನಂಬಿದವರು ಈ ಕಾವಲನ್ನು ಬೋರ್ಡಿನೊಳಗೇ ಬರೆದಿಡಬೇಕು: ವೈಫೈ ಹತ್ತು ನಿಮಿಷ ಇಲ್ಲದಿದ್ದರೆ 45 ಡಿಗ್ರಿಯಂಥ ಒಂದು ಮಧ್ಯಮ ಅಂಕಿ, ಬೋರ್ಡಿಗೆ ನೇರವಾಗಿ ಸೇರಿದ ಕೋಣೆ ಸೆನ್ಸರ್ 19 ತೋರಿಸುವ ತನಕ ಮಾತ್ರ. ಆಮೇಲೆ ರೂಟರ್ ಪ್ಲಗ್ ಕಿತ್ತು ಪರೀಕ್ಷಿಸಿ ನೋಡಲೇಬೇಕು. ತಂತಿಯಲ್ಲಿ ಮಾತು ನಿಂತಾಗ ಕೆಲವು ಬಾಯ್ಲರ್‌ಗಳು ಬಿಸಿಯನ್ನೇ ನಿಲ್ಲಿಸುತ್ತವೆ. ನಿಮ್ಮದು ಏನು ಮಾಡುತ್ತದೆ ಎಂಬುದು ಜನವರಿಯ ರಾತ್ರಿಗೆ ಮೊದಲೇ ಗೊತ್ತಿರಲಿ.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಬಾಯ್ಲರ್ ಪದೇ ಪದೇ ಹೊತ್ತಿ ಆರುತ್ತಿದ್ದರೆ ಕಾರಣ ಸಾಮಾನ್ಯವಾಗಿ ಕೋಣೆಗೊಂದರಂತೆ ರೇಡಿಯೇಟರ್‌ಗೆ ಹಾಕಿದ, ತಾನಾಗಿ ತೆರೆದು ಮುಚ್ಚುವ ಸ್ಮಾರ್ಟ್ ವಾಲ್ವ್. ಆಟೋಮೇಷನ್ ಆಸೆಯಲ್ಲಿ ಜನ ಮೊದಲು ಕೊಳ್ಳುವುದೂ ಇವನ್ನೇ. ಎಂಟು ರೇಡಿಯೇಟರ್‌ಗಳಲ್ಲಿ ಏಳು ಮುಚ್ಚಿ, ಮಕ್ಕಳ ಓದುವ ಕೋಣೆಯದು ಮಾತ್ರ ತೆರೆದಿದ್ದರೆ ಅದು ಹೀರುವುದು 1 ಕಿಲೋವ್ಯಾಟ್‌ಗಿಂತ ಕಡಿಮೆ. ಬಾಯ್ಲರ್ ಎಷ್ಟೇ ತಗ್ಗಿದರೂ ಮಾದರಿಗೆ ತಕ್ಕಂತೆ 3ರಿಂದ 6 ಕಿಲೋವ್ಯಾಟ್ ಕೊಡುತ್ತದೆ. ಉಳಿದ ಶಾಖ ಹೋಗುವುದಾದರೂ ಎಲ್ಲಿಗೆ? ನೀರು ಎರಡೇ ನಿಮಿಷದಲ್ಲಿ ಕಾಯ್ದು ಬಾಯ್ಲರ್ ಆರುತ್ತದೆ. ಕೆಳಗಿನ ಕೋಣೆಗಳ ವಾಲ್ವ್‌ಗಳನ್ನು ಸದಾ ತೆರೆದಿಟ್ಟು, ಮಲಗುವ ಕೋಣೆಗಳಲ್ಲಿ ಮಾತ್ರ 18ರ ಮಿತಿ ಹಾಕುವುದೇ ಒಳ್ಳೆಯದು. ಒಂದು ಕೋಣೆಯನ್ನು ಪೂರ್ತಿ ತಣ್ಣಗೆ ಬಿಟ್ಟರೆ ಪಕ್ಕದ ಕೋಣೆಯ ಬಿಸಿ ಗೋಡೆ ದಾಟಿ ಅತ್ತ ಹರಿಯುತ್ತದೆ, ಅದನ್ನು ತುಂಬಲು ನೀರಿನ ಬಿಸಿ ಏರಿಸಬೇಕಾಗುತ್ತದೆ, ಉಳಿತಾಯ ಎಂದುಕೊಂಡದ್ದು ಕಂಡೆನ್ಸಿಂಗ್ ನಷ್ಟದಲ್ಲಿ ಕರಗುತ್ತದೆ. ಥರ್ಮೋಸ್ಟಾಟ್ ಇರುವ ಕೋಣೆಯ ರೇಡಿಯೇಟರಿಗಂತೂ ಯಾವ ತಾನಾಗಿ ಮುಚ್ಚುವ ವಾಲ್ವೂ ಬೇಡ. ವಾಲ್ವ್ ಮುಚ್ಚುತ್ತದೆ, ಥರ್ಮೋಸ್ಟಾಟ್ ಇನ್ನೂ ಬೇಕು ಎನ್ನುತ್ತದೆ. ಆ ಜಗಳ ಮುಗಿಯುವುದೇ ಇಲ್ಲ.

ಇನ್ನೊಂದು ಜಗಳ ಗೋಡೆ ಥರ್ಮೋಸ್ಟಾಟಿಗೂ ಹೋಮ್ ಅಸಿಸ್ಟೆಂಟಿಗೂ ನಡೆಯುತ್ತದೆ. ನೀರಿನ ಬಿಸಿಯನ್ನು ಯಾರಾದರೂ ಒಬ್ಬರೇ ನಿರ್ಧರಿಸಬೇಕು. ತಾನು ಕೇಳಿದ್ದು ಒಂದು, ಬಾಯ್ಲರಿಗೆ ಹೋದದ್ದು ಇನ್ನೊಂದು ಆದಾಗ ಕಲಿಯುವ ಗುಣದ ಥರ್ಮೋಸ್ಟಾಟ್ ತಪ್ಪು ಪಾಠ ಕಲಿತು, ಅಧಿಕಾರ ವಾಪಸ್ ಸಿಕ್ಕಿದ ದಿನ ಬೆಳಗಿನ ಜಾವ ಮೂರಕ್ಕೇ ಬಿಸಿ ಶುರುಮಾಡುತ್ತದೆ. ಆಸರೆಗೆ ಕಲಿಯದ, ಬರೀ ಗುಂಡಿ ಇರುವ ಥರ್ಮೋಸ್ಟಾಟೇ ಮೇಲು. ಊರಿನಿಂದ ಆರು ತಿಂಗಳಿಗೆಂದು ಬರುವ ಅಪ್ಪ ಅಮ್ಮ ಹಗಲಿಡೀ ಮನೆಯಲ್ಲಿರುತ್ತಾರೆ. ಮೈಸೂರು, ಧಾರವಾಡದ ಹವೆಗೆ ಒಗ್ಗಿದ ಮೈಗೆ 18 ಡಿಗ್ರಿ ಚಳಿ. ಮಗನ ಫೋನಿನ ಆ್ಯಪ್ ಇಲ್ಲದೆ, ಕನ್ನಡಕ ಹುಡುಕದೆ, ಗುಂಡಿ ತಿರುಗಿಸಿ ಮನೆ ಬೆಚ್ಚಗೆ ಮಾಡಿಕೊಳ್ಳಲು ಅವರಿಗೆ ಆಗಬೇಕು. ಆ ತಿಂಗಳುಗಳಲ್ಲಿ ‘ಮನೆಯಲ್ಲಿ ಯಾರೂ ಇಲ್ಲ, ಬಿಸಿ ಇಳಿಸು’ ಎಂಬ ಫೋನ್ ಆಧಾರಿತ ನಿಯಮವನ್ನು ತೆಗೆದುಹಾಕಿ. ಫೋನುಗಳು ಆಫೀಸಿಗೆ ಹೋಗಿರುತ್ತವೆ, ಅವರು ಒಳಗೆ ನಡುಗುತ್ತಿರುತ್ತಾರೆ.

ಇಎಂಎಸ್, ಇ-ಬಸ್ ಬಳಸುವವರಿಗೆ ಒಂದು ಎಚ್ಚರಿಕೆ. ಬಾಯ್ಲರಿನ ಶಾಶ್ವತ ಸೆಟ್ಟಿಂಗನ್ನು ಐದು ನಿಮಿಷಕ್ಕೊಮ್ಮೆ ತಿದ್ದುವ ನಿಯಮ ಬರೆಯಬೇಡಿ. ಆ ಅಂಕಿಗಳನ್ನಿಡುವ ಮೆಮೊರಿಗೆ ಇಷ್ಟು ಸಲ ಮಾತ್ರ ಬರೆಯಬಹುದು ಎಂಬ ಮಿತಿಯಿದೆ. ಸವೆದರೆ ಬೋರ್ಡು ಬದಲಿಸಬೇಕು. ತಾತ್ಕಾಲಿಕ ಅಂಕಿ ಕಳಿಸುವ ಆದೇಶವನ್ನೇ ಬಳಸಿ. ಬಾಯ್ಲರಿಗೇ ಹೊರಗಿನ ಸೆನ್ಸರ್ ಸೇರಿಸಲು ಟರ್ಮಿನಲ್ ಇದ್ದರೆ, ಹೊರಚಳಿಯ ಲೆಕ್ಕವನ್ನು ಅದಕ್ಕೇ ಬಿಟ್ಟು ಆಟೋಮೇಷನ್ ಬರೀ ನೋಡಿಕೊಂಡಿರುವುದೂ ಒಳ್ಳೆಯ ಏರ್ಪಾಡು. ಹಲವು ಮನೆಗಳಿಗೆ ಇದೇ ಎಲ್ಲಕ್ಕಿಂತ ಮೇಲು ಎಂಬುದು ನಮ್ಮ ಅಭಿಪ್ರಾಯ.

ಬಿಸಿನೀರಿನ ಟ್ಯಾಂಕ್ ಇರುವ ಮನೆಗಳಲ್ಲಿ ಟ್ಯಾಂಕಿನ ನೀರು 60 ಡಿಗ್ರಿ ಮುಟ್ಟಲೇಬೇಕು, ಇಲ್ಲವಾದರೆ ಶ್ವಾಸಕೋಶದ ಸೋಂಕು ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಅಪಾಯ. ಉಳಿತಾಯದ ನೆಪದಲ್ಲಿ ಇದನ್ನು ಇಳಿಸಬೇಡಿ. ಹಾಗೆಂದು ಟ್ಯಾಂಕಿನ ಸಲುವಾಗಿ ರೇಡಿಯೇಟರುಗಳಿಗೂ ದಿನವಿಡೀ 70 ಡಿಗ್ರಿ ಕಳಿಸಬೇಕಿಲ್ಲ. ಟ್ಯಾಂಕಿಗೆ ಸರದಿ ಕೊಡುವಾಗ ಮಾತ್ರ ಬಿಸಿ ಏರಿಸುವ ಆದ್ಯತೆಯ ವೈರಿಂಗ್ ಮಾಡಿಸಿಕೊಳ್ಳಿ. ಟ್ಯಾಂಕಿಲ್ಲದೆ ನಲ್ಲಿ ತಿರುಗಿಸಿದಾಗಲೇ ನೀರು ಕಾಯಿಸುವ ಕಾಂಬಿ ಬಾಯ್ಲರಿನಲ್ಲಿ ನೀರು ನಿಲ್ಲುವುದಿಲ್ಲವಾದ್ದರಿಂದ ನಲ್ಲಿಗೆ 48ರಿಂದ 50 ಡಿಗ್ರಿ ಸಾಕು.

ನೀರಿನ ಒತ್ತಡ ತಣ್ಣಗಿದ್ದಾಗ 1ರಿಂದ 1.5 ಬಾರ್ ಇರಬೇಕು, 0.8ಕ್ಕೆ ಇಳಿದರೆ ಫೋನಿಗೆ ಸಂದೇಶ ಬರುವಂತೆ ಮಾಡಿ. ತಾನಾಗಿ ನೀರು ತುಂಬುವ ವಾಲ್ವನ್ನು ಮಾತ್ರ ಆಟೋಮೇಷನ್ನಿಗೆ ಕಟ್ಟಬೇಡಿ, ಸೋರಿಕೆ ಗೊತ್ತೇ ಆಗುವುದಿಲ್ಲ. ದೋಷ ಬಂದಾಗ ತಾನಾಗಿ ರೀಸೆಟ್ ಒತ್ತುವ ನಿಯಮವೂ ಬೇಡ. ಬೆಂಕಿ ಹೊತ್ತಿಲ್ಲ ಎಂದು ಬಾಯ್ಲರ್ ಬೀಗ ಹಾಕಿಕೊಂಡಿದೆ ಎಂದರೆ ಮನುಷ್ಯರು ನೋಡಬೇಕು ಎಂದೇ ಅರ್ಥ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಬ್ಯಾಟರಿಯಲ್ಲಿ ಸ್ವತಂತ್ರವಾಗಿ ಕೂಗುವಂಥದ್ದಿರಲಿ.

ಕರ್ನಾಟಕದ ಓದುಗರಿಗೆ ಬೇರೆಯೇ ಒಂದು ಮಾತು. ಇಲ್ಲಿ ಹೇಳಿದ ಬಾಯ್ಲರ್ ಉರಿಗೆ ಬೇಕಾದ ಗಾಳಿಯನ್ನು ಹೊರಗಿನಿಂದ ಎಳೆದುಕೊಂಡು ಹೊಗೆಯನ್ನು ಹೊರಗೇ ಬಿಡುತ್ತದೆ. ನಮ್ಮ ಬಚ್ಚಲಲ್ಲಿ ನೇತುಹಾಕುವ ಸಾಮಾನ್ಯ ಗ್ಯಾಸ್ ಗೀಸರ್ ಹಾಗಲ್ಲ, ಕೋಣೆಯ ಗಾಳಿಯನ್ನೇ ಉರಿಸುತ್ತದೆ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಅದರಿಂದ ಜೀವಗಳು ಹೋಗಿವೆ. ಅದಕ್ಕೆ ರಿಲೇ, ಮೊಬೈಲ್ ಸ್ವಿಚ್ ಯಾವುದನ್ನೂ ಜೋಡಿಸಬೇಡಿ. ಗೀಸರನ್ನು ಬಚ್ಚಲಿನಿಂದ ಹೊರಗೆ, ಗಾಳಿಯಾಡುವ ಜಾಗಕ್ಕೆ ಹಾಕಿಸಿ.

ಇಂಗ್ಲೆಂಡಿನಲ್ಲಿ 2018ರ ಏಪ್ರಿಲ್‌ನಿಂದ ಹೊಸ ಕಾಂಬಿ ಬಾಯ್ಲರ್ ಜತೆ ಒಂದು ಹೆಚ್ಚಿನ ಉಳಿತಾಯ ಸಾಧನ ಕಡ್ಡಾಯ. ಆದರೆ ಹೊರಚಳಿಗೆ ತಕ್ಕಂತೆ ನೀರಿನ ಬಿಸಿ ಬದಲಿಸುವ ಸಾಧನ ಹಾಕಿದರೂ ಸರಿ, ಕೆಲವು ಗುಣಗಳಿರುವ ಸ್ಮಾರ್ಟ್ ಥರ್ಮೋಸ್ಟಾಟ್ ಹಾಕಿದರೂ ಸರಿ ಎಂದು ಆಯ್ಕೆ ಬಿಟ್ಟಿದೆ. ಅದರಿಂದ ರಿಲೇ ಪೆಟ್ಟಿಗೆಯೂ ನಿಯಮದೊಳಗೇ ನುಸುಳುತ್ತದೆ. 2022ರ ಜೂನ್‌ನಿಂದ ಹೊಸದಾಗಿ ಅಥವಾ ಪೂರ್ತಿಯಾಗಿ ಬದಲಿಸಿ ಹಾಕುವ ವ್ಯವಸ್ಥೆಗೆ 55 ಡಿಗ್ರಿ ಮೀರದ ನೀರಿನ ವಿನ್ಯಾಸ ಕೇಳುತ್ತಾರೆ, ಅದು ಸರಿಯಾದ ಹೆಜ್ಜೆ. ಆದರೆ ಕೊಳ್ಳುವವರ ಕೈಗೆ ಬರುವ ಡಬ್ಬಿಯ ಮೇಲೆ ಎರಡು ಮಾಹಿತಿ ದೊಡ್ಡಕ್ಷರದಲ್ಲಿ ಇರಬೇಕು ಎಂದು ನಾವು ಒತ್ತಾಯಿಸುತ್ತೇವೆ: ಬಾಯ್ಲರ್ ಡಬ್ಬಿಯ ಮೇಲೆ ಅದರ ಅತಿ ಕಡಿಮೆ ಕಿಲೋವ್ಯಾಟ್, ಥರ್ಮೋಸ್ಟಾಟ್ ಡಬ್ಬಿಯ ಮೇಲೆ ಅದು ಆಡುವ ಭಾಷೆ. ಇವು ಅಚ್ಚಾಗುವ ತನಕ, ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ಇವೆರಡನ್ನೂ ಬಾಯಿಬಿಟ್ಟು ಕೇಳಿ. ಉತ್ತರ ಬರೆದು ಕೊಡಲು ಹೇಳಿ.

— ಇಬ್ಬರು ತಾಪನ ತಂತ್ರಜ್ಞರು, ರೀಡಿಂಗ್, ಇಂಗ್ಲೆಂಡ್